ಮಾಹಿತಿ ಸಾಲದು ಎಂಬ ನಾಲ್ಕನೆಯ ಉತ್ತರ

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ನಮ್ಮ ಮನೆಯವರು ಬಂದವರ ಮುಂದೆಲ್ಲ ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯಲ್ಲಿ ಕುಳಿತು ಕಾಯುವಷ್ಟು ಪುರುಸೊತ್ತು ಅದಕ್ಕೆ ಎಂದೂ ಇಲ್ಲ. ಇಂಥ ನಾನು ದಿಗ್ಗೇವಾಡಿಯ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆಯ ಮಕ್ಕಳಿಗೆ, ಶಾಲೆ ಬಿಟ್ಟ ಮೇಲೆ ಒಂದು ತಾಸು, ತಾಳ್ಮೆಯಿಂದ ವಿಚಾರ ಮಾಡುವುದನ್ನು ಕಲಿಸುತ್ತಿದ್ದೆ. ದೇವರಿಗೂ ಆಗಾಗ ನಗು ಬೇಕಾಗುತ್ತದೆಯಲ್ಲ.

ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಗಣಿತ, ಕನ್ನಡ ಇರುವ ಹಾಗೆ ತರ್ಕದ ಪ್ರಶ್ನೆಗಳೂ ಇರುತ್ತವೆ. ಗುಂಪಿಗೆ ಸೇರದ ಪದ ಯಾವುದು, ಯಾರು ಯಾರ ಪಕ್ಕದಲ್ಲಿ ಕುಳಿತಿದ್ದಾರೆ, ಕೊಟ್ಟ ಹೇಳಿಕೆಯಿಂದ ಯಾವ ತೀರ್ಮಾನ ಹೊರಡುತ್ತದೆ, ಇಂಥವು. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದಕ್ಕೆ ಗುರುತು ಹಾಕಬೇಕು. ನಮ್ಮ ಹೆಡ್‌ಮಾಸ್ತರರು, “ಅದನ್ನೇನ ಕಲಸ್ತೀರಿ, ಅದು ಹುಟ್ಟತs ಬರಬೇಕ್ರಿ” ಎಂದು ಕೈ ಕೊಡವಿದ್ದರು. ನಾನು ಒಪ್ಪಲಿಲ್ಲ. ರೊಟ್ಟಿ ಬಡಿಯುವುದೂ ಯಾರಿಗೂ ಹುಟ್ಟುತ್ತ ಬರುವುದಿಲ್ಲ. ನೂರು ರೊಟ್ಟಿ ಹರಿದ ಮೇಲೆ ನೂರಾ ಒಂದನೆಯದು ದುಂಡಗಾಗುತ್ತದೆ. ವಿಚಾರವೂ ಹಾಗೆಯೇ, ಬಡಿದು ಬಡಿದು ಬರಬೇಕು.

ಮೊದಲ ವಾರವೇ ರೊಟ್ಟಿ ಹರಿಯತೊಡಗಿತು. “ಒಬ್ಬನು ತನ್ನ ಊರಿನಿಂದ ಉತ್ತರಕ್ಕೆ ಐದು ಕಿಲೋಮೀಟರ್ ನಡೆದು ಬಲಕ್ಕೆ ತಿರುಗಿದನು. ಈಗ ಅವನ ಮುಖ ಯಾವ ದಿಕ್ಕಿಗಿದೆ?” ಎಂದು ಕೇಳಿದೆ. ಏಳು ಮಕ್ಕಳಲ್ಲಿ ಐವರು ಒಂದೇ ದನಿಯಲ್ಲಿ, “ಅಂವ ಹೊಳ್ಯಾಗ ಅದಾನ್ರಿ ಅಕ್ಕೋರ” ಎಂದರು. ಶಾಲೆಯ ಶಿಕ್ಷಕಿಯರನ್ನೆಲ್ಲ ನಮ್ಮ ಕಡೆ ಮಕ್ಕಳು ಅಕ್ಕೋರ ಎನ್ನುತ್ತಾರೆ. ದಿಗ್ಗೇವಾಡಿಯಿಂದ ಉತ್ತರಕ್ಕೆ ಹೊರಟರೆ ಕೃಷ್ಣಾ ನದಿ ಬರುತ್ತದೆ, ಅದು ನಿಜ. ಪ್ರಶ್ನೆ ಬರೆದವನಿಗೆ ಅದು ಗೊತ್ತಿರಲಿಲ್ಲ.

ಅಂಗಡಿಕಾರರ ಮನೆಯ ಹುಡುಗನೊಬ್ಬನಿದ್ದ. ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ. ಹೀಗಾಗಿ ಅವನು ಬಿಸಿಲು ನೋಡಿ ನೋಡಿಯೇ ಪಾಠ ಕೇಳುತ್ತಿದ್ದ. ಬದನೆ, ಬೆಂಡೆ, ಟೊಮೆಟೊ, ಬಟಾಟೆ ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದರೆ ಅವನು ಕಣ್ಣು ಮುಚ್ಚಿ ಬಟಾಟೆ ಎಂದ. ಭೇಷ್ ಎಂದೆ. ಅದೊಂದೇ ನೆಲದೊಳಗೆ ಬೆಳೆಯುತ್ತದೆ ಎಂದು ಅವನು ಹೇಳುತ್ತಾನೆಂದುಕೊಂಡು, ಯಾಕೆ ಎಂದು ಕೇಳಿದೆ. “ಅದೊಂದ ನಮ್ಮ ಮನ್ಯಾಗ ಬರೂದಿಲ್ರಿ” ಎಂದ. ಉತ್ತರ ಸರಿ, ಕಾರಣ ಬೇರೆ. ಅವನಿಗೆ ಅಂಕ ಕೊಡಬೇಕೋ ಬೇಡವೋ ಎಂದು ಬಸ್ಸಿನಲ್ಲಿ ರಾಯಬಾಗದ ನಮ್ಮ ಮನೆ ಮುಟ್ಟುವವರೆಗೂ ಯೋಚಿಸಿದೆ.

ಮರುದಿನ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: “ಪ್ರಶ್ನೆಯಲ್ಲಿ ಕೊಟ್ಟದ್ದರಿಂದ ಮಾತ್ರ ತೀರ್ಮಾನಿಸಿರಿ. ಮನೆಯಿಂದ ಏನನ್ನೂ ತರಬೇಡಿರಿ.” ತಿಂಗಳುಗಟ್ಟಲೆ ಅದನ್ನು ಅಳಿಸಲು ಯಾರಿಗೂ ಬಿಡಲಿಲ್ಲ.

ಇನ್ನೊಬ್ಬಳು ಕುರಿ ಸಾಕುವವರ ಮನೆಯ ಹುಡುಗಿ. ಗೊಬ್ಬರದ ಚೀಲವನ್ನು ಕತ್ತರಿಸಿ ಹೊಲಿದ ಪಾಟೀಚೀಲ ಅವಳದು. ಕೆಲವು ಪ್ರಶ್ನೆಗಳಿಗೆ ನಾಲ್ಕನೆಯ ಉತ್ತರವೆಂದು “ಮಾಹಿತಿ ಸಾಲದು” ಎಂದು ಕೊಟ್ಟಿರುತ್ತಾರೆ. ಆ ಎರಡು ಪದ ಎಲ್ಲಿ ಕಂಡರೂ ಈಕೆ ಅದಕ್ಕೇ ಗುರುತು ಹಾಕುತ್ತಿದ್ದಳು. ಹತ್ತರಲ್ಲಿ ಮೂರು ಸರಿಯಾಗುತ್ತಿದ್ದವು, ಏಳು ತಪ್ಪು. ಸೋಮಾರಿತನ ಎಂದು ನಾನು ತೀರ್ಮಾನಿಸಿದೆ.

“ನಾಕನೇ ಉತ್ತರಕ್ಕ ಹರಕಿ ಹೊತ್ತೀಯೇನ?” ಎಂದು ಒಂದು ದಿನ ಗದರಿದೆ.

“ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನಬೇಕ್ರಿ ಅಕ್ಕೋರ” ಎಂದಳು, ತಲೆ ತಗ್ಗಿಸಿಯೇ. “ಹಿಂಗ ಹೋಗಿರಬೇಕ, ಹಂಗ ಹೋಗಿರಬೇಕ ಅಂತ ನಾವ ಅನಕೊಂಡ ಹೋದ್ರ ಕುರಿ ಸಿಗೂದಿಲ್ರಿ. ಹೆಜ್ಜಿ ನೋಡಬೇಕಾಕ್ಕೈತಿ.”

ಮೈಯೆಲ್ಲ ಉರಿಯಿತು. ಮಾತಿಗೆ ಮಾತು ಕೊಡುತ್ತೀಯೇನು ಎಂದು ಹತ್ತು ಪ್ರಶ್ನೆ ಹೆಚ್ಚಿಗೆ ಬರೆಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅದೇ ಹೊತ್ತಿಗೆ ನನ್ನ ಮಗಳ ಮದುವೆ ನಿಶ್ಚಯವಾಗಿತ್ತು. ಬೀಗರು ಕಾಗವಾಡದವರು. ಮದುವೆ ಚಿಕ್ಕೋಡಿಯ ಮಂಗಲ ಕಾರ್ಯಾಲಯದಲ್ಲಿ. ಬೀಗರು ಒಳ್ಳೆಯವರು, ಅಡುಗೆಯವರು ಸಿಕ್ಕಿದ್ದರು, ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಇದ್ದ ಚಿಂತೆ ಒಂದೇ, ಅದು ನನ್ನ ಅಣ್ಣ.

ನನಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಕಬ್ಬೂರಿನ ತವರುಮನೆಯಲ್ಲಿದ್ದು ಹೊಲ ನೋಡಿಕೊಳ್ಳುತ್ತಾನೆ. ತಮ್ಮ ಅಥಣಿಯಲ್ಲಿ ಪಂಪಿನ ಮೋಟರ್ ದುರಸ್ತಿ ಮಾಡುತ್ತಾನೆ. ಅಣ್ಣ ಹರೆಯದಲ್ಲಿ ಜೋಳದ ಚೀಲವನ್ನು ಹಲ್ಲಿನಿಂದ ಕಚ್ಚಿ ಎತ್ತಿದ ಗಂಡಸು. ಕಬ್ಬಿಗೆ ಅವನು ಎಂದೂ ಕುಡಗೋಲು ಮುಟ್ಟಿಸಿದವನಲ್ಲ. ಹಲ್ಲಿನಿಂದಲೇ ಸಿಪ್ಪೆ ಸೀಳಿ ಬಿಸಾಡುತ್ತಿದ್ದ. ನನ್ನ ಮಗಳು ಸಣ್ಣವಳಿದ್ದಾಗ ನನಗೆ ದೂರದ ಊರಿಗೆ ವರ್ಗವಾಗಿ, ಎರಡು ವರ್ಷ ಅವಳನ್ನು ಕಬ್ಬೂರಿನಲ್ಲೇ ಬಿಟ್ಟಿದ್ದೆ. ಅಣ್ಣ ಬದುವಿನ ಮೇಲೆ ಕುಳಿತು ಕಬ್ಬು ಸುಲಿದು, ಹಲ್ಲಿನಿಂದ ಸಣ್ಣ ತುಂಡು ಮಾಡಿ, ಅವಳ ಬಾಯಿಗೆ ಇಡುತ್ತಿದ್ದ. ಅವಳಿಗೆ ತಂದೆಗಿಂತ ದೊಡ್ಡಮಾಮಾ ಹೆಚ್ಚು. ಇದನ್ನು ಅವಳು ತಂದೆಯ ಮುಂದೆಯೇ ಹೇಳುತ್ತಾಳೆ.

ಎಂಟು ವರ್ಷದ ಹಿಂದೆ ರಾಯಬಾಗದಲ್ಲಿ ನಾವು ಮನೆ ಕಟ್ಟಿಸಿ ವಾಸ್ತುಶಾಂತಿ ಮಾಡಿಸಿದೆವು. ನಮ್ಮ ಕಡೆ ಮಾನಪಾನ ಎಂದರೆ ಹುಡುಗಾಟವಲ್ಲ. ತವರಿನ ಗಂಡಸರಿಗೆ ತಲೆಗೆ ಕೇಸರಿ ಫೇಟಾ ಸುತ್ತಿ, ಕೈಯಲ್ಲಿ ಕಾಯಿ ಕೊಡಬೇಕು. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದನ್ನು ಕಾರ್ಯಕ್ಕೆ ಬಂದವರೆಲ್ಲ ಊಟದಷ್ಟೇ ಆಸೆಯಿಂದ ನೋಡುತ್ತಾರೆ. ಅಂದು ಅಣ್ಣ ಹೊರಗೆ ಕಾಲು ತೊಳೆಯುತ್ತಿದ್ದ. ತಮ್ಮ ಎದುರಿಗೆ ನಿಂತಿದ್ದ. ಫೇಟಾದವನು ಕೈಗೆ ಸಿಕ್ಕ ತಲೆಗೆ ಸುತ್ತಿಬಿಟ್ಟ. ಅಣ್ಣ ಒಳಗೆ ಬಂದು ನೋಡಿದ, ಏನೂ ಅನ್ನಲಿಲ್ಲ. ತಾನೂ ಫೇಟಾ ಸುತ್ತಿಸಿಕೊಂಡು ಊಟಕ್ಕೆ ಕುಳಿತ. ಬೇಸನ್ ಉಂಡಿಯನ್ನು ಒಮ್ಮೆ ಕಚ್ಚಿದವನು ಬಾಯಿಗೆ ಕೈ ಅಡ್ಡ ಹಿಡಿದು, ಎಲೆ ಬಿಟ್ಟು ಎದ್ದು, ಫೇಟಾ ಸಮೇತ ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ನಡೆದ.

ಎಲೆ ಬಿಟ್ಟು ಎದ್ದ ಮೇಲೆ ಮುಗಿಯಿತಲ್ಲ. ನಮ್ಮ ಸೀಮೆಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಅಣ್ಣ ಸಿಟ್ಟಾದ. ಅಂದಿನಿಂದ ಯಾವ ಕಾರ್ಯಕ್ಕೆ ಕರೆದರೂ ಬರುತ್ತಾನೆ, ಅಕ್ಷತೆ ಹಾಕುತ್ತಾನೆ, ನೀರು ಕೂಡ ಮುಟ್ಟದೆ ಹೋಗುತ್ತಾನೆ. ಮಾತು ಕಡಿಮೆಯಾಯಿತು. ನಗುವುದನ್ನಂತೂ ಬಿಟ್ಟೇಬಿಟ್ಟ. ತಮ್ಮ ಪ್ರತಿ ದೀಪಾವಳಿಗೆ ಅಥಣಿಯಿಂದ ಬಂದು ಅವನ ಕಾಲಿಗೆ ಬಿದ್ದು, “ತಪ್ಪಾತ ಅಣ್ಣಾ” ಎನ್ನುವುದು, ಅವನು ಹೂಂ ಎಂದು ಮುಖ ತಿರುಗಿಸುವುದು, ತಮ್ಮ ಕಣ್ಣು ಒರಸಿಕೊಳ್ಳುತ್ತ ಹೋಗುವುದು. ನಾನು ಅಣ್ಣನ ಮೇಲೆ ಹಲ್ಲು ಕಡಿಯುತ್ತಿದ್ದೆ. ಒಂದು ಬಟ್ಟೆಯ ಸುತ್ತಿಗೆ ಎಂಟು ವರ್ಷವೇ ಎಂದು ಗಂಡನ ಮುಂದೆ ಹಾರಾಡುತ್ತಿದ್ದೆ.

ಈಗ ಮದುವೆಗೆ ಕರೆಯಲು ನನ್ನ ಗಂಡ ಹೋದಾಗ ಅಣ್ಣ ಒಂದು ಮಾತು ಹೇಳಿ ಕಳಿಸಿದ. ಬರುತ್ತೇನೆ, ಅಕ್ಷತೆಯ ವೇಳೆ ಮದುಮಗಳ ಬೆನ್ನ ಹಿಂದೆ ನಿಲ್ಲುತ್ತೇನೆ, ಆದರೆ ಭೂಮಕ್ಕೆ ಕೂರುವುದಿಲ್ಲ. ಭೂಮ ಎಂದರೆ ಅಕ್ಷತೆ ಬಿದ್ದ ಮೇಲೆ ಮದುಮಕ್ಕಳು ಹತ್ತಿರದವರೊಂದಿಗೆ ಒಂದೇ ದೊಡ್ಡ ತಾಟಿನಲ್ಲಿ ಉಣ್ಣುವುದು. ನಮ್ಮ ಮನೆತನದಲ್ಲಿ ಮದುಮಗಳಿಗೆ ಮೊದಲ ತುತ್ತು ಕೊಡಬೇಕಾದವನು ಸೋದರಮಾವ. ತಾನೂ ಅದೇ ತಾಟಿನಲ್ಲಿ ಉಣ್ಣಬೇಕಾದವನು.

ಮಗಳು ಅಳಲಿಲ್ಲ, ಕೂಗಲಿಲ್ಲ. “ದೊಡ್ಡಮಾಮಾ ಕುಂದರಲಿಲ್ಲಂದ್ರ ನನ್ನ ಮದವ್ಯಾಗ ನಾನೂ ಉಣ್ಣೂದಿಲ್ಲವ್ವಾ” ಎಂದು ಸಣ್ಣ ದನಿಯಲ್ಲಿ ಹೇಳಿದಳು. ಸಿಟ್ಟಿನಲ್ಲಿ ಅವಳು ನನ್ನಂತಲ್ಲ, ಹೇಳಿದ್ದನ್ನು ಮಾಡುವವಳು. ಮಗಳು ತನ್ನ ಮದುವೆಯ ದಿನ ಹಸಿದು ಗಂಡನ ಮನೆಗೆ ಹೊರಡುವುದನ್ನು ನೋಡಲು ನಾನು ಸಿದ್ಧಳಿರಲಿಲ್ಲ.

ಸರಿ, ಫೇಟಾದಿಂದ ಕೆಟ್ಟದ್ದನ್ನು ಫೇಟಾದಿಂದಲೇ ಸರಿಪಡಿಸೋಣ ಎಂದು ಪಟ್ಟಿ ಮಾಡಲು ಕುಳಿತೆ. ಎಂಟು ಸಲ ಬರೆದೆ, ಎಂಟು ಸಲ ಹರಿದೆ. ಕೊನೆಗೆ ದಿಗ್ಗೇವಾಡಿಯ ವರಾಂಡದಲ್ಲಿ, ಮಕ್ಕಳ ಎದುರು, ಪ್ರಶ್ನೆಯ ರೂಪದಲ್ಲಿ ಹಲಗೆಗೆ ಏರಿಸಿದೆ. ಮಕ್ಕಳಿಗೂ ಅಭ್ಯಾಸವಾಯಿತು, ನನಗೂ ದಾರಿ ಸಿಕ್ಕೀತು ಎಂಬ ಆಸೆ.

“ಕ, ಖ, ಗ, ಘ ಎಂಬ ನಾಲ್ವರಿಗೆ ಒಬ್ಬರಾದ ಮೇಲೊಬ್ಬರಿಗೆ ಫೇಟಾ ಸುತ್ತಬೇಕಾಗಿದೆ. ಗ ಬೀಗರ ಕಡೆಯವನಾದ್ದರಿಂದ ಎಲ್ಲರಿಗಿಂತ ಮೊದಲು ಬರಬೇಕು. ಘ ಎಂಬವನು ಖನ ನಂತರ ಬರಲು ಒಪ್ಪುವುದಿಲ್ಲ. ಖ ಎಂಬವನು ಕನಿಗಿಂತ ಮೊದಲು ಬರಬಾರದು. ಹಿಂದೊಮ್ಮೆ ಖನಿಗೆ ಮೊದಲು ಸುತ್ತಿದ್ದಕ್ಕೆ ಕ ಊಟ ಮಾಡಲಿಲ್ಲ. ಆದ್ದರಿಂದ ಕ ಕೂಡ ಎಲ್ಲರಿಗಿಂತ ಮೊದಲೇ ಬರಬೇಕು. ಫೇಟಾ ಸುತ್ತುವವನು ಒಬ್ಬನೇ. ಸರಿಯಾದ ಕ್ರಮ ಯಾವುದು?”

ಮಕ್ಕಳು ಹಲಗೆ ನೋಡಿದರು, ನನ್ನನ್ನು ನೋಡಿದರು.

“ಕ ಅಂದ್ರ ನಿಮ್ಮ ಕಬ್ಬೂರ ಅಣ್ಣಾರಲ್ರಿ?” ಎಂದ ಅಂಗಡಿ ಹುಡುಗ. ನಮ್ಮ ಮನೆಯ ಮರ್ಯಾದೆ ಹೊಳೆದಂಡೆಯವರೆಗೂ ತಲುಪಿತ್ತು.

“ಕ ಅಂದ್ರ ಕ. ಮನಿಯಿಂದ ಏನೂ ತರಬ್ಯಾಡ ಅಂತ ಹೇಳಿಲ್ಲೇನ?” ಎಂದೆ.

ಅವನು ಒಪ್ಪಿಕೊಂಡು ವಿಚಾರಕ್ಕೆ ಕುಳಿತ. “ಹಂಗಾರ ಕನಿಗೆ ಮನ್ಯಾಗ ಫೇಟಾ ಸುತ್ತಿ ಕರಕೊಂಡ ಬಂದಬಿಡ್ರಿ. ಹಾದ್ಯಾಗ ಗಾಳಿಗೆ ಬಿಚ್ಚದಂಗ ಹಿಡಕೊಂಡ್ರ ಆತು” ಎಂದ. ಇನ್ನೊಬ್ಬಳು, ಗನನ್ನೂ ಕನನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೂಡಿಸಿ, ಇಬ್ಬರ ತಲೆಗೂ ಸೇರಿಸಿ ಒಂದೇ ಫೇಟಾ ಸುತ್ತಬೇಕೆಂದಳು. ಬೀಗರ ಕಡೆಯ ಸೋದರಮಾವ ಮತ್ತು ನನ್ನ ಅಣ್ಣ ಒಂದೇ ಫೇಟಾದಲ್ಲಿ ಸಿಕ್ಕಿಕೊಂಡು ಮಂಟಪದ ಸುತ್ತ ತಿರುಗುವುದು ಕಣ್ಣಿಗೆ ಕಟ್ಟಿ, ಬಹಳ ದಿನದ ಮೇಲೆ ನಾನು ಹೊಟ್ಟೆ ತುಂಬ ನಕ್ಕೆ.

ಕುರಿಯವರ ಹುಡುಗಿ ಮಾತ್ರ ಪಾಟಿಯ ಮೇಲೆ ಏನೂ ಬರೆದಿರಲಿಲ್ಲ.

“ನಿಂದ ಏನ?” ಎಂದೆ.

“ನಾಕನೇದ್ರಿ” ಎಂದಳು. “ಮಾಹಿತಿ ಸಾಲದು.”

“ನಾ ನಾಕ ಉತ್ತರ ಕೊಟ್ಟs ಇಲ್ಲ. ನಾಕನೇದ ಎಲ್ಲಿಂದ ಬಂತ?”

“ಕ ಉಣಲಿಲ್ಲ ಅಂತ ಅಷ್ಟ ಐತ್ರಿ” ಎಂದು ಅವಳು ಹಲಗೆಯತ್ತ ಕೈ ತೋರಿಸಿದಳು. “ಫೇಟಾದ ಸಲುವಾಗಿ ಉಣಲಿಲ್ಲ ಅಂತ ಯಾರ ಹೇಳ್ಯಾರ್ರಿ? ಕ ಹೇಳ್ಯಾರೇನ್ರಿ?”

ಕ ಹೇಳಿರಲಿಲ್ಲ. ಎಂಟು ವರ್ಷದಲ್ಲಿ ಕ ಒಮ್ಮೆಯೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

“ನಮ್ಮ ಟಗರ ಮೂರ ದಿನಾ ಮೇವ ಮುಟ್ಟಲಿಲ್ರಿ” ಎಂದು ಅವಳು ಮುಂದುವರಿಸಿದಳು. “ಹೊಸಾ ಟಗರ ತಂದೀವಲ್ಲ, ಅದಕ್ಕ ಸಿಟ್ಟ ಬಂದೈತಿ ಅಂತ ಎಲ್ಲಾರೂ ಅಂದ್ರು. ನಮ್ಮಪ್ಪ ಬಾಯಿ ತಗದ ನೋಡಿದ್ರ ದವಡ್ಯಾಗ ಜಾಲಿಮುಳ್ಳ ಇತ್ರಿ.”

ಹಲಗೆಯ ಮೇಲ್ತುದಿಯಲ್ಲಿ ನನ್ನದೇ ದುಂಡನೆಯ ಅಕ್ಷರ ನನ್ನನ್ನು ನೋಡುತ್ತಿತ್ತು. ಕೊಟ್ಟದ್ದರಿಂದ ಮಾತ್ರ ತೀರ್ಮಾನಿಸಿರಿ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಅಂದು ತಾಸು ತುಂಬುವ ಮೊದಲೇ ಮಕ್ಕಳನ್ನು ಬಿಟ್ಟೆ. ಅಂಗಡಿ ಹುಡುಗನಿಗೆ ಮೊದಲ ಸಲ ಬಿಸಿಲಿರುವಾಗಲೇ ನಿಧಾನವಾಗಿ ಉಣ್ಣುವ ಭಾಗ್ಯ ಸಿಕ್ಕಿತು.

ರವಿವಾರ ಯಾರಿಗೂ ಹೇಳದೆ ಕಬ್ಬೂರಿನ ಬಸ್ಸು ಹತ್ತಿದೆ. ಊಟದ ಹೊತ್ತಿಗೆ ಮನೆ ಮುಟ್ಟಿದೆ. ತವರುಮನೆಗೆ ಹೋಗಲು ಬಾಗಿಲು ಬಡಿಯುವ ರೂಢಿ ನನಗಿಲ್ಲ. ಪಡಸಾಲೆಗೆ ನೆಟ್ಟಗೆ ಕಾಲಿಟ್ಟೆ.

ಅಣ್ಣ ಗೋಡೆಗೆ ಆತು ಕುಳಿತು, ಹಾಲಿನಲ್ಲಿ ನೆನೆಸಿ ಕಿವುಚಿದ ರೊಟ್ಟಿಯನ್ನು ಉಣ್ಣುತ್ತಿದ್ದ. ಕಿಟಕಿಯ ಕಟ್ಟೆಯ ಮೇಲೆ ಸ್ಟೀಲ್ ಲೋಟದ ಪಕ್ಕದಲ್ಲಿ ಒಂದು ಗಾಜಿನ ಲೋಟವಿತ್ತು. ಅದರ ನೀರಿನೊಳಗಿಂದ ಮೂವತ್ತೆರಡೂ ಹಲ್ಲು ನನ್ನನ್ನು ನೋಡಿ ನಗುತ್ತಿದ್ದವು. ಅಣ್ಣ ನನ್ನನ್ನು ನೋಡಿದ್ದೇ ತಡ, ಎಡಗೈಯಿಂದ ಬಾಯಿ ಮುಚ್ಚಿಕೊಂಡು ಬಲಗೈಯಿಂದ ಲೋಟ ಹಿಡಿಯಲು ಹೋದ. ಬಲಗೈ ಪೂರಾ ಹಾಲುರೊಟ್ಟಿ. ಹಲ್ಲು ಬೆರಳಿಗೆ ಸಿಗದೆ ಲೋಟದಲ್ಲಿ ಮೀನಿನಂತೆ ಜಾರಿದವು. ಅಡುಗೆಮನೆಯಿಂದ ಹೊರಬಂದ ವೈನಿ, ಅಣ್ಣನ ಹೆಂಡತಿ, ನನ್ನನ್ನು ಕಂಡು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು.

“ಎಷ್ಟ ವರ್ಷಾತ ಅಣ್ಣಾ?” ಎಂದೆ.

ಅವನು ಎಡಗೈ ಬಾಯಿಯಿಂದ ತೆಗೆಯದೆ ಎಂಟು ಬೆರಳು ತೋರಿಸಲು ನೋಡಿದ. ಉಳಿದ ಒಂದು ಕೈಯಿಂದ ಐದೇ ಆದವು. ವೈನಿ ಉಳಿದದ್ದನ್ನು ಬಾಯಿಯಿಂದ ಹೇಳಿದಳು. ತಂಬಾಕಿನಿಂದ ಒಸಡು ಸಡಿಲಾಗಿ, ಮಿರಜಿಗೆ ಹೋಗಿ, ಒಂದೊಂದಾಗಿ ಎಲ್ಲವನ್ನೂ ಕೀಳಿಸಿ ಸೆಟ್ಟು ಕೂಡಿಸಿಕೊಂಡು ಬಂದ ವಾರಕ್ಕೇ ನಮ್ಮ ಮನೆಯ ಶಾಂತಿ. ಹಲ್ಲಿನಿಂದ ಚೀಲ ಎತ್ತಿದವನಿಗೆ ಹಲ್ಲಿಲ್ಲ ಎಂದು ಹೇಗೆ ಹೇಳುವುದು? ಗುಟ್ಟಾಗಿ ಹೋಗಿದ್ದ, ಗುಟ್ಟಾಗಿ ಬಂದಿದ್ದ. ನನ್ನ ಬೇಸನ್ ಉಂಡಿ ಕಚ್ಚಿದಾಗ ಮೇಲಿನ ಸಾಲು ಪೂರ್ತಿ ಉಂಡಿಯಲ್ಲೇ ಉಳಿಯಿತು. ಅದನ್ನು ಉಂಡಿ ಸಮೇತ ಮುಷ್ಟಿಯಲ್ಲಿ ಹಿಡಿದು ಬಸ್ಸು ಹತ್ತಿದ್ದ. ಸೆಟ್ಟು ಹಾಕಿಕೊಂಡರೆ ನಾಲ್ಕು ಜನರ ಮುಂದೆ ನಿಲ್ಲಬಹುದು, ಉಣ್ಣಲಾಗುವುದಿಲ್ಲ. ತೆಗೆದರೆ ಉಣ್ಣಬಹುದು, ನಾಲ್ಕು ಜನರ ಮುಂದೆ ನಿಲ್ಲಲಾಗುವುದಿಲ್ಲ. ಮಾತನಾಡಿದರೆ ಸೀಟಿ ಹೊಡೆದ ಹಾಗೆ ಗಾಳಿ ಹೋಗುತ್ತದೆ, ಅದಕ್ಕೆ ಮಾತು ಕಡಿಮೆ. ನಕ್ಕರೆ ಸಡಿಲಾಗುತ್ತದೆ, ಅದಕ್ಕೆ ನಗುವಿಲ್ಲ.

ಇಷ್ಟೂ ದಿನ ನಾವು ಕಂಡ ಗುರುತುಗಳೆಲ್ಲ ನಿಜ. ಎಲೆ ಬಿಟ್ಟದ್ದು, ಮೌನ, ಬಿಗಿದ ಮುಖ, ಎಲ್ಲವೂ. ತೀರ್ಮಾನ ಒಂದೇ ಸುಳ್ಳು.

“ಸಿಟ್ಟಲ್ಲ ಅಂತ ಒಂದ ಮಾತ ಹೇಳಬಾರದಿತ್ತೇನ?” ಎಂದು ಕೂಗಿದೆ. ಈಗ ಕೂಗಲು ನನಗೆ ಸರಿಯಾದ ಕಾರಣವಿತ್ತು.

ಅಷ್ಟರಲ್ಲಿ ಅವನು ಹಲ್ಲು ಕೂಡಿಸಿಕೊಂಡಿದ್ದ. “ಹೇಳಬೇಕಂತ ಮಾಡಿದ್ನಿ ತಂಗಿ” ಎಂದ, ಮೆಲ್ಲಗೆ. “ಅಷ್ಟರಾಗ ನೀವs ಎಲ್ಲಾರೂ ಕೂಡಿ ಸಿಟ್ಟಾಗ್ಯಾನ ಅಂದ್ರಿ. ಹಲ್ಲ ಬಿದ್ದಾವ ಅನಸ್ಕೊಳ್ಳೂದಕಿಂತ ಸಿಟ್ಟಾಗ್ಯಾನ ಅನಸ್ಕೊಳ್ಳೂದ ಚಲೋ ಅನಿಸ್ತ. ಆಮ್ಯಾಲ ಹೋದಲ್ಲೆಲ್ಲಾ ಕುರ್ಚಿ ಹಾಕಾಕತ್ತಿದ್ರು, ಮೊದಲ ನನಗs ಕಾಯಿ ಕೊಡಾಕತ್ತಿದ್ರು. ಖರೇನ ಹೇಳ್ಬೇಕಂದ್ರ, ಮಜಾನೂ ಬಂತ.”

“ತಮ್ಮ ಕಾಲಿಗೆ ಬಿದ್ದ ಅಳತಿದ್ನಲ್ಲ, ಅದೂ ಮಜಾ ಇತ್ತೇನ?”

ಅಣ್ಣ ಹಾಲುರೊಟ್ಟಿಯ ತಾಟನ್ನು ಅತ್ತ ಸರಿಸಿದ. ನನ್ನ ಕೈ ಹಿಡಿದು, ಅವ್ವನ ಆಣೆ ಹಾಕಿಸಿ, ಯಾರ ಮುಂದೆಯೂ ಹೇಳಬಾರದೆಂದು ಮಾತು ತೆಗೆದುಕೊಂಡ. ಸಿಟ್ಟಿನಲ್ಲಿದ್ದರೂ ಅವ್ವನ ಆಣೆಯನ್ನು ಮೀರುವವಳು ನಾನಲ್ಲ. ಮಾತು ಕೊಟ್ಟೆ. ಭೂಮಕ್ಕೆ ಕೂರುತ್ತೀಯಾ ಎಂದು ಕೇಳಿದೆ. ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದ. ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಬಂದೆ. ಮುಳ್ಳು ಎಲ್ಲಿದೆ ಎಂದು ಗೊತ್ತಾಗಿತ್ತು, ತೆಗೆಯುವ ಅಧಿಕಾರ ನನಗಿರಲಿಲ್ಲ.

ಮದುವೆಯ ದಿನ ಚಿಕ್ಕೋಡಿಯ ಕಾರ್ಯಾಲಯ ತುಂಬಿ ತುಳುಕಿತು. ಅಣ್ಣ ಬಿಳಿ ಧೋತರ, ಬಿಗಿದ ತುಟಿ. ಅಕ್ಷತೆ ಬೀಳುವಾಗ ಮದುಮಗಳ ಬೆನ್ನ ಹಿಂದೆ ಕಂಬದ ಹಾಗೆ ನಿಂತ. ಅವಳು ಎರಡು ಸಲ ಹೊರಳಿ ನೋಡಿದಳು. ಆಮೇಲೆ ಮೈಕಿನಲ್ಲಿ ಮಾನಪಾನಕ್ಕೆ ಕರೆ ಬಂತು. ಅಣ್ಣನಿಗೆ ಸಿಟ್ಟಿಲ್ಲವೆಂದು ಗೊತ್ತಿದ್ದ ನಾನು ಬೀಗರ ಮಾವನನ್ನು ಮೊದಲು ಬರೆಸಿದ್ದೆ, ಕ್ರಮಪ್ರಕಾರ. ತಮ್ಮನಿಗೆ ಅದು ಗೊತ್ತಿಲ್ಲವಲ್ಲ. ನಿಪ್ಪಾಣಿಯಿಂದ ಬಂದ ಫೇಟಾದವನು ಬೀಗರ ತಲೆಗೆ ಮೊದಲ ಸುತ್ತು ಹಾಕಿದ್ದೇ ತಡ, ತಮ್ಮ ಓಡಿಬಂದು ನನ್ನ ಕೈ ಹಿಡಿದ.

“ಅಕ್ಕಾ, ಮತ್ತ ಅದs ತಪ್ಪ ಮಾಡಾಕತ್ತೀಯಲ್ಲ. ಇವತ್ತ ಅಣ್ಣ ಉಣ್ಣದs ಹೋದ್ರ ನಾ ಸಾಯೂತನಕ ಮುಖಾ ತೋರಸಾಂಗಿಲ್ಲ.”

ನಾನು ಅವ್ವನ ಆಣೆಯನ್ನು ನುಂಗಿಕೊಂಡು ಸುಮ್ಮನಿದ್ದೆ. ಬಾಯಿಬಡಕಿ ಎಂದು ಹೆಸರಾದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ತಮ್ಮನ ಸರದಿ ಬಂದಾಗ ಮೈಕಿನಲ್ಲಿ ಮೂರು ಸಲ ಕರೆದರು. ಅವನು ಇರಲಿಲ್ಲ. ಹುಡುಕುತ್ತ ಹೋದರೆ ಅಡುಗೆಯ ಉಗ್ರಾಣದಲ್ಲಿ, ಸಕ್ಕರೆ ಚೀಲಗಳ ಸಂದಿಯಲ್ಲಿ ಕುಳಿತಿದ್ದ. ನಲವತ್ತೈದು ವರ್ಷದ ಗಂಡಸು, ಎರಡು ಮಕ್ಕಳ ತಂದೆ. “ನನಗ ಫೇಟಾ ಬ್ಯಾಡ. ನನ್ನ ಪಾಲಿಂದೂ ಅಣ್ಣಗs ಸುತ್ತ್ರಿ” ಎನ್ನುತ್ತಿದ್ದ.

ನಾನು ತಿರುಗಿ ನೋಡಿದೆ. ನನ್ನ ಹಿಂದೆಯೇ ಅಣ್ಣ ನಿಂತಿದ್ದ, ತಲೆಯ ಮೇಲೆ ಕೇಸರಿ ಫೇಟಾ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ತಮ್ಮನ ರಟ್ಟೆ ಹಿಡಿದು ಎಬ್ಬಿಸಿ, ಜನರ ನಡುವಿನಿಂದ ಎಳೆದುಕೊಂಡು ಹೋಗಿ, ಭೂಮದ ತಾಟಿನ ಎದುರು ಕೂಡಿಸಿದ. ಪಕ್ಕದಲ್ಲಿ ತಾನೂ ಕುಳಿತ.

ಸಾರಿನ ಬಕೆಟ್ಟು ಹಿಡಿದವರು ನಿಂತಲ್ಲೇ ನಿಂತರು. ಅಣ್ಣ ಮೊದಲು ತನ್ನ ಫೇಟಾವನ್ನು ಹಗುರಾಗಿ ತೆಗೆದು ತಮ್ಮನ ತಲೆಗೆ ಇಟ್ಟ. ಆಮೇಲೆ ಬಾಯಿಗೆ ಕೈ ಹಾಕಿ ಮೇಲಿನ ಸಾಲು ತೆಗೆದ, ಕೆಳಗಿನ ಸಾಲು ತೆಗೆದ, ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಕಿಸೆಗೆ ಇಳಿಬಿಟ್ಟ. ಕೆನ್ನೆ ಒಳಗೆ ಹೋಗಿ, ನನ್ನ ಅಣ್ಣ ಒಂದು ಗಳಿಗೆಯಲ್ಲಿ ನಮ್ಮ ಅಜ್ಜನಾದ. ಬೀಗರ ಮಾವ ಅರ್ಧ ಎದ್ದು ನಿಂತು ನೋಡಿದ.

ತಮ್ಮ ಆ ಕಿಸೆಯನ್ನೂ ಆ ಬಾಯಿಯನ್ನೂ ಸರದಿಯ ಮೇಲೆ ನೋಡಿದ. “ಎಂಟ ವರ್ಷ ನಾ ಈ ಹಲ್ಲಿನ ಸಲುವಾಗಿ ಕಾಲಿಗೆ ಬಿದ್ನೇನ?” ಎಂದ.

“ತಪ್ಪಾತೋ ತಮ್ಮಾ” ಎಂದ ಅಣ್ಣ. ಹಲ್ಲಿಲ್ಲದ ಬಾಯಿಯಿಂದ ಅದು ಸ್ಪಷ್ಟವಾಗಿ ಬರಲಿಲ್ಲ. ಆದರೆ ಕಾರ್ಯಾಲಯದಲ್ಲಿ ಅದನ್ನು ಕೇಳದವರು ಯಾರೂ ಇರಲಿಲ್ಲ. ತಮ್ಮ ಮೊದಲು ಬೈದ, ಹೊಲಸು ಬೈಗಳನ್ನೇ ಬೈದ. ಬೈಯುತ್ತ ಬೈಯುತ್ತಲೇ ಅಣ್ಣನ ಭುಜದ ಮೇಲೆ ಹಣೆ ಇಟ್ಟ. ನನ್ನ ಗಂಡ ನನ್ನ ಕಿವಿಯಲ್ಲಿ, ನಿಮ್ಮ ಮನೆತನದಲ್ಲಿ ಒಬ್ಬರಾದರೂ ಸೀದಾ ಮಾತನಾಡುವವರಿದ್ದಾರೆಯೇ ಎಂದು ಕೇಳಿದರು.

ಅಣ್ಣ ಮೊದಲ ತುತ್ತು ಕೊಡಲು ಹೋಳಿಗೆಗೆ ಕೈ ಹಾಕಿದ. ಮಗಳು ಆ ಕೈಯನ್ನು ಹಿಡಿದಳು. ತಾನೇ ಹೋಳಿಗೆ ತೆಗೆದುಕೊಂಡು, ಹಾಲು ಹಾಕಿ, ಬಳೆಗಳನ್ನು ಹಿಂದಕ್ಕೆ ಸರಿಸಿ, ಗಂಟು ಇರದ ಹಾಗೆ ಕಿವುಚಿದಳು. ಮೆಹಂದಿಯ ಕೈ ಹಾಲಾಗಿ ಹೋಯಿತು. “ಸಣ್ಣಕಿದ್ದಾಗ ನನಗ ಕಬ್ಬ ನೀ ಸಣ್ಣ ಮಾಡಿ ಕೊಡತಿದ್ದಿ ಮಾಮಾ. ಈಗ ನಾ ಮಾಡಿ ಕೊಡತೀನಿ, ಬಾಯಿ ತಗಿ” ಎಂದಳು. ಅಣ್ಣ ಎಂಟು ವರ್ಷದ ಮೇಲೆ ನಾಲ್ಕು ಜನರ ಮುಂದೆ ಬಾಯಿ ತೆಗೆದ. ಉಂಡ. ಆಮೇಲೆ ಅವನು ಕೊಟ್ಟ ತುತ್ತನ್ನು ಅವಳು ಉಂಡಳು. ನನಗೆ ಮುಂದಿನದು ಸರಿಯಾಗಿ ಕಾಣಲಿಲ್ಲ.

ಸೋಮವಾರ ದಿಗ್ಗೇವಾಡಿಗೆ ಹೋಗಿ ಹಲಗೆಯ ಮೇಲಿನ “ಮನೆಯಿಂದ ಏನನ್ನೂ ತರಬೇಡಿರಿ” ಎಂಬ ನನ್ನ ಬರಹವನ್ನು ನಾನೇ ಅಳಿಸಿದೆ. ಮಕ್ಕಳಿಗೆ ಹೋಳಿಗೆ ಹಂಚಿದೆ, ಕುರಿಯವರ ಹುಡುಗಿಗೆ ಎರಡು. ಯಾಕೆ ಎರಡು ಎಂದು ಅಂಗಡಿ ಹುಡುಗ ತಕರಾರು ಮಾಡಿದ. ಅವಳು ನನ್ನತ್ತ ನೋಡಿದಳು.

“ಕ ಯಾಕ ಉಣಲಿಲ್ಲ ಅಂತ ಗೊತ್ತಾತೇನ್ರಿ ಅಕ್ಕೋರ?”

“ಗೊತ್ತಾತ” ಎಂದೆ. “ಕೇಳಿದ್ನಿ, ಹೇಳಿದ.”